‘ಹಾರ್ಮೋನು ಅಲ್ಲ, ಹಾರ್ಮೋನು ಬಿಡಿಸುವ ಪೆಪ್ಟೈಡ್ ಅಷ್ಟೆ’ ಎಂದರು, ಚುಚ್ಚಿಕೊಳ್ಳಬಹುದೇ?

ಪ್ರಶ್ನೆ: ನನಗೆ 43 ವರ್ಷ. ದಾವಣಗೆರೆಯಲ್ಲಿ ಸ್ವಂತ ವ್ಯಾಪಾರ. ನಾಲ್ಕು ವರ್ಷಗಳಿಂದ ತಪ್ಪದೆ ಜಿಮ್‌ಗೆ ಹೋಗುತ್ತಿದ್ದೇನೆ. ಬರುವ ವರ್ಷ ಹಿರಿಯರ ವಿಭಾಗದ ಪವರ್‌ಲಿಫ್ಟಿಂಗ್‌ಗೆ ಇಳಿಯುವ ಆಸೆ ಇದೆ. ವಯಸ್ಸಾದಂತೆ ಬೆಳವಣಿಗೆ ಹಾರ್ಮೋನು ಕಡಿಮೆಯಾಗುತ್ತದೆ, ಹಾರ್ಮೋನನ್ನೇ ಚುಚ್ಚಿಕೊಂಡರೆ ಅಪಾಯ, ಆದರೆ ನಮ್ಮ ದೇಹವೇ ಅದನ್ನು ಬಿಡುವಂತೆ ಮಾಡುವ ಪೆಪ್ಟೈಡ್‌ಗಳಿಂದ ತೊಂದರೆಯಿಲ್ಲ, ಇದೆಲ್ಲ ಪ್ರಯೋಗಾಲಯದಲ್ಲಿ ಸಾಬೀತಾಗಿದೆ ಎಂದು ಪರಿಚಯದ ತರಬೇತುದಾರರು ಹೇಳಿದರು. ಆರು ವಾರಗಳಿಂದ ಐಪಮೊರೆಲಿನ್ ಮತ್ತು ಸಿಜೆಸಿ-1295 ಎಂಬ ಎರಡನ್ನು ಹೊಟ್ಟೆಯ ಚರ್ಮದ ಕೆಳಗೆ ಚುಚ್ಚಿಕೊಳ್ಳುತ್ತಿದ್ದೇನೆ. ಸೀಸೆಯ ಮೇಲೆ ‘ಸಂಶೋಧನೆಗೆ ಮಾತ್ರ, ಮಾನವ ಬಳಕೆಗೆ ಅಲ್ಲ’ ಎಂದಿದೆ. ಜೊತೆಗಿರುವ ಪ್ರಮಾಣಪತ್ರದಲ್ಲಿ ಶುದ್ಧತೆ ಶೇ 99. ನಿದ್ದೆ ಚೆನ್ನಾಗಿ ಬರುತ್ತಿದೆ, ತೂಕ ಎರಡು ಕೆ.ಜಿ. ಹೆಚ್ಚಿದೆ, ತೋಳು ತುಂಬಿಕೊಂಡಂತೆ ಕಾಣುತ್ತದೆ. ಆದರೆ ಬೆಳಗ್ಗೆ ಏಳುವಾಗ ಬೆರಳುಗಳು ಜೋಮು ಹಿಡಿದಿರುತ್ತವೆ, ಉಂಗುರ ಬಿಗಿಯಾಗಿದೆ. ಖಾಲಿ ಹೊಟ್ಟೆಯ ಸಕ್ಕರೆ ಮೊದಲು 102 ಇದ್ದದ್ದು ಈಗ 117. ನನ್ನ ತಂದೆಗೆ ಸಕ್ಕರೆ ಕಾಯಿಲೆ ಇತ್ತು. ಇನ್ನೊಂದು ವಿಷಯ: ನನ್ನ ಹದಿನೇಳು ವರ್ಷದ ಮಗ 163 ಸೆಂ.ಮೀ. ಎತ್ತರ ಇದ್ದಾನೆ. ಇಂಟರ್ನೆಟ್‌ನಲ್ಲಿ ಓದಿಕೊಂಡು ‘ಎತ್ತರ ಬೆಳೆಯಲು ನನಗೂ ಕೊಡಿಸಿ’ ಎನ್ನುತ್ತಿದ್ದಾನೆ. ನಾನು 168, ಪತ್ನಿ 152 ಸೆಂ.ಮೀ. ಮುಂದುವರಿಸಲೇ? ಅವನಿಗೆ ಕೊಡಬಹುದೇ?

ಉತ್ತರ: ಮುಂದುವರಿಸಬೇಡಿ, ಮಗನಿಗೂ ಕೊಡಬೇಡಿ. ಸ್ಟೀರಾಯ್ಡ್ ಮಾತ್ರೆಗಳನ್ನು ಹಂತಹಂತವಾಗಿ ಇಳಿಸಬೇಕಾದಂತೆ ಇಲ್ಲಿ ಇಳಿಸುವ ಅಗತ್ಯವಿಲ್ಲ; ಇವತ್ತು ರಾತ್ರಿಯೇ ನಿಲ್ಲಿಸಬಹುದು. ಬೆರಳಿನ ಜೋಮು, ಉಂಗುರದ ಬಿಗಿ, ಏರಿದ ಸಕ್ಕರೆ ಈ ಮೂರೂ ಬೇರೆ ಬೇರೆ ತೊಂದರೆಗಳಲ್ಲ. ಬೆಳವಣಿಗೆ ಹಾರ್ಮೋನು ದೇಹದಲ್ಲಿ ಹೆಚ್ಚಾದಾಗ ಏನಾಗಬೇಕೋ ಅದೇ ಆಗಿದೆ. ಆ ಮಟ್ಟಿಗೆ ನಿಮ್ಮ ಸೀಸೆಯಲ್ಲಿ ಏನೋ ಕೆಲಸ ಮಾಡುವ ವಸ್ತು ಇದೆ ಎಂದು ಒಪ್ಪಿಕೊಳ್ಳೋಣ. ಎಷ್ಟೋ ಸೀಸೆಗಳಲ್ಲಿ ಅದೂ ಇರುವುದಿಲ್ಲ.

ನಿಮ್ಮ ತರಬೇತುದಾರರು ಪೂರ್ತಿ ಸುಳ್ಳು ಹೇಳಿದ್ದಾರೆ ಎಂದು ನಾನು ಹೇಳುವುದಿಲ್ಲ. ‘ಪ್ರಯೋಗಾಲಯದಲ್ಲಿ ಸಾಬೀತಾಗಿದೆ’ ಎಂಬ ಮಾತು ನಿಜ. ಆದರೆ ಸಾಬೀತಾದದ್ದು ಏನು ಎಂದು ಅವರನ್ನು ಯಾರೂ ಕೇಳಿದಂತಿಲ್ಲ. ಈ ಪೆಪ್ಟೈಡ್‌ಗಳು, ಅಂದರೆ ಅಮೈನೊ ಆಮ್ಲಗಳ ಪುಟ್ಟ ಸರಪಳಿಗಳು, ಬೆಳವಣಿಗೆ ಹಾರ್ಮೋನನ್ನು ಬಿಡುಗಡೆ ಮಾಡಿಸುತ್ತವೆ ಎಂಬುದು ಸಾಬೀತಾಗಿದೆ. ಹಾಗೆ ಬಿಡುಗಡೆಯಾದ ಹಾರ್ಮೋನಿನಿಂದ ಆರೋಗ್ಯವಂತನಾದ ನಲವತ್ಮೂರರ ಗಂಡಸು ಹೆಚ್ಚು ಭಾರ ಎತ್ತುತ್ತಾನೆ, ಹೆಚ್ಚು ಕಾಲ ಬಾಳುತ್ತಾನೆ ಎಂಬುದು ಸಾಬೀತಾಗಿಲ್ಲ. ಮೊದಲನೆಯದರ ಪುರಾವೆಯನ್ನು ತೋರಿಸಿ ಎರಡನೆಯದನ್ನು ಮಾರುವುದೇ ಈ ವ್ಯಾಪಾರದ ಒಟ್ಟು ಜಾಣತನ.

ಮೆದುಳಿನ ಕೆಳಗೆ, ಮೂಗಿನ ಹಿಂಭಾಗದ ನೇರಕ್ಕೆ, ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಬೆಳವಣಿಗೆ ಹಾರ್ಮೋನನ್ನು ಮಾಡಿಟ್ಟುಕೊಂಡಿರುತ್ತದೆ. 191 ಅಮೈನೊ ಆಮ್ಲಗಳ ಸರಪಳಿ ಅದು. ಗ್ರಂಥಿ ಅದನ್ನು ದಿನವಿಡೀ ಒಂದೇ ಸಮನೆ ಸುರಿಸುವುದಿಲ್ಲ. ಅಲೆ ಅಲೆಯಾಗಿ ಬಿಡುತ್ತದೆ, ಅತಿ ದೊಡ್ಡ ಅಲೆ ರಾತ್ರಿಯ ಮೊದಲ ಗಾಢ ನಿದ್ದೆಯಲ್ಲಿ ಬರುತ್ತದೆ. ನಮ್ಮ ಊರಿನ ಕೆರೆಗಳಲ್ಲಿ ತೂಬು ತೆಗೆಯುವ, ಮುಚ್ಚುವ ಕೆಲಸ ನೀರುಗಂಟಿಯದಾಗಿದ್ದಂತೆ, ಇಲ್ಲಿ ಹೊತ್ತು ನೋಡಿ ಬಿಡುವ ಕೆಲಸ ಮೇಲಿರುವ ಹೈಪೊಥಲಾಮಸ್‌ನದು. ಬಿಡಿಸಲು ಅದು ಕಳುಹಿಸುವ ಹಾರ್ಮೋನು ಜಿಎಚ್‌ಆರ್‌ಎಚ್. ತಡೆಯಲು ಕಳುಹಿಸುವುದು ಸೊಮ್ಯಾಟೊಸ್ಟ್ಯಾಟಿನ್. ಇವೆರಡರ ಜೊತೆಗೆ ಹೊಟ್ಟೆಯಿಂದ ಬರುವ ಗ್ರೆಲಿನ್ ಎಂಬ ಮೂರನೆಯದೂ ಇದೆ. ನೀವು ಚುಚ್ಚಿಕೊಳ್ಳುತ್ತಿರುವ ಸಿಜೆಸಿ-1295 ಜಿಎಚ್‌ಆರ್‌ಎಚ್‌ನ ಮಾರ್ಪಡಿಸಿದ ರೂಪ. ಐಪಮೊರೆಲಿನ್ ಗ್ರೆಲಿನ್‌ನ ಕೆಲಸವನ್ನು ಅನುಕರಿಸುತ್ತದೆ. ಎರಡೂ ಒಟ್ಟಿಗೆ ಬಂದಾಗ ಪರಿಣಾಮ ಎರಡರ ಮೊತ್ತಕ್ಕಿಂತ ಹೆಚ್ಚಾಗುತ್ತದೆ. ಜಿಮ್‌ಗಳಲ್ಲಿ ಅವನ್ನು ಜೋಡಿಯಾಗಿ ಕೊಡುವುದು ಅದಕ್ಕೇ.

ಈ ಅಣುಗಳ ಚರಿತ್ರೆಯಲ್ಲಿ ಒಂದು ಸ್ವಾರಸ್ಯ ಇದೆ, ನಿಮ್ಮ ಪ್ರಶ್ನೆಗೂ ಅದು ಸಂಬಂಧಿಸಿದೆ. 1970ರ ದಶಕದಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ರೋಜರ್ ಗಿಯೆಮಿನ್ ಅವರ ತಂಡ ಬೆಳವಣಿಗೆ ಹಾರ್ಮೋನನ್ನು ಬಿಡಿಸುವ ವಸ್ತುವನ್ನು ಕುರಿಗಳ ಮೆದುಳಿನಲ್ಲಿ ಹುಡುಕುತ್ತಿತ್ತು. 1973ರಲ್ಲಿ ಸಿಕ್ಕಿದ್ದು ಅದಕ್ಕೆ ತದ್ವಿರುದ್ಧವಾದದ್ದು, ಅಂದರೆ ತಡೆಯುವ ಸೊಮ್ಯಾಟೊಸ್ಟ್ಯಾಟಿನ್. ಬಿಡಿಸುವುದು ಸಿಗಲು 1982ರವರೆಗೆ ಕಾಯಬೇಕಾಯಿತು. ಆಗಲೂ ಅದು ಮೆದುಳಿನಲ್ಲಿ ಸಿಗಲಿಲ್ಲ. ಕೈಕಾಲು, ದವಡೆ ವಿಪರೀತ ಬೆಳೆಯುವ ಆಕ್ರೊಮೆಗಾಲಿ ಎಂಬ ಕಾಯಿಲೆ ಬಂದಿದ್ದ ರೋಗಿಗಳ ಮೇದೋಜೀರಕ ಗ್ರಂಥಿಯ ಗಡ್ಡೆಗಳಲ್ಲಿ ಸಿಕ್ಕಿತು. ಗಡ್ಡೆ ಹಗಲು ರಾತ್ರಿ ಜಿಎಚ್‌ಆರ್‌ಎಚ್ ಸುರಿಸುತ್ತಿತ್ತು, ಪಿಟ್ಯುಟರಿ ಅದಕ್ಕೆ ತಕ್ಕಂತೆ ಹಾರ್ಮೋನು ಬಿಡುತ್ತಿತ್ತು. ‘ನಮ್ಮ ದೇಹವೇ ಬಿಡುವ ಹಾರ್ಮೋನು ತಾನೇ, ಅತಿಯಾಗುವುದಿಲ್ಲ’ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಆ ರೋಗಿಗಳು ಹೊರಗಿನಿಂದ ಒಂದು ಹನಿ ಹಾರ್ಮೋನನ್ನೂ ಚುಚ್ಚಿಕೊಂಡಿರಲಿಲ್ಲ.

ಇನ್ನೊಂದು ದಾರಿ ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದಲ್ಲಿ ತೆರೆಯಿತು. ಅಲ್ಲಿ ಸಿರಿಲ್ ಬವರ್ಸ್ ಮತ್ತು ಅವರ ಸಹೋದ್ಯೋಗಿಗಳು ನೋವು ತಗ್ಗಿಸುವ ಎನ್ಕೆಫಾಲಿನ್ ಎಂಬ ಪುಟ್ಟ ಪೆಪ್ಟೈಡನ್ನು ಹಿಡಿದು ಅದರ ಅಮೈನೊ ಆಮ್ಲಗಳನ್ನು ಬದಲಾಯಿಸುತ್ತ ಹೋದರು. ಕೆಲವು ರೂಪಗಳು ನೋವನ್ನು ಬಿಟ್ಟು ಬೆಳವಣಿಗೆ ಹಾರ್ಮೋನಿನ ಮೇಲೆ ಕೆಲಸ ಮಾಡತೊಡಗಿದವು. 1984ರ ಹೊತ್ತಿಗೆ ಆರೇ ಅಮೈನೊ ಆಮ್ಲಗಳ ಜಿಎಚ್‌ಆರ್‌ಪಿ-6 (ಜಿಎಚ್‌ಆರ್‌ಪಿ ಎಂದರೆ ಬೆಳವಣಿಗೆ ಹಾರ್ಮೋನು ಬಿಡಿಸುವ ಪೆಪ್ಟೈಡ್) ತಯಾರಾಯಿತು. ಅದು ಕೆಲಸ ಮಾಡುತ್ತಿತ್ತು, ಆದರೆ ದೇಹದ ಯಾವ ಗ್ರಾಹಕದ (ಹಾರ್ಮೋನು ಬಂದು ಕೂರಲು ಜೀವಕೋಶದಲ್ಲಿರುವ ಜಾಗ) ಮೇಲೆ ಕೂರುತ್ತದೆ ಎಂದು ಯಾರಿಗೂ ತಿಳಿದಿರಲಿಲ್ಲ. ಆ ಗ್ರಾಹಕವನ್ನು ಮರ್ಕ್ ಕಂಪನಿಯ ವಿಜ್ಞಾನಿಗಳು 1996ರಲ್ಲಿ ಗುರುತಿಸಿದರು. ಅದಕ್ಕೆ ಹೊಂದುವ ದೇಹದ ಸ್ವಂತ ಹಾರ್ಮೋನನ್ನು ಜಪಾನಿನ ಕೊಜಿಮಾ ಮತ್ತು ಕಂಗಾವಾ 1999ರಲ್ಲಿ ಇಲಿಯ ಜಠರದಿಂದ ಬೇರ್ಪಡಿಸಿದರು, ಅದೇ ಗ್ರೆಲಿನ್. ಸಾಮಾನ್ಯವಾಗಿ ಹಾರ್ಮೋನು ಮೊದಲು ಸಿಕ್ಕಿ, ಅದರ ನಕಲು ಆಮೇಲೆ ಬರುತ್ತದೆ. ಇಲ್ಲಿ ನಕಲು ಮೊದಲು ಹುಟ್ಟಿತು, ಅಸಲು ಹದಿನೈದು ವರ್ಷ ತಡವಾಗಿ ಸಿಕ್ಕಿತು. ಸಿಕ್ಕಾಗ ತಿಳಿದದ್ದು, ಅದರ ಮುಖ್ಯ ಕಸುಬು ಸ್ನಾಯು ಬೆಳೆಸುವುದಲ್ಲ. ಹಸಿವು ಹುಟ್ಟಿಸುವುದು ಮತ್ತು ಉಪವಾಸದಲ್ಲಿ ರಕ್ತದ ಸಕ್ಕರೆ ತೀರಾ ಕುಸಿಯದಂತೆ ನೋಡಿಕೊಳ್ಳುವುದು. ಗ್ರೆಲಿನ್ ಗ್ರಾಹಕವೇ ಇಲ್ಲದಂತೆ ಬೆಳೆಸಿದ ಇಲಿಗಳು ಹೆಚ್ಚುಕಡಿಮೆ ಉಳಿದ ಇಲಿಗಳಷ್ಟೇ ದೊಡ್ಡದಾಗುತ್ತವೆ.

ಈಗ ಪ್ರಯೋಗಾಲಯದೊಳಗೆ ಬನ್ನಿ. ವೈದ್ಯಕೀಯ ವೃತ್ತಿಗೆ ಪೂರ್ತಿಯಾಗಿ ಬರುವ ಮುಂಚೆ ನಾನು ಇಂಥ ಕೆಲಸ ಮಾಡಿದವನು. ಇಲಿಯ ಪಿಟ್ಯುಟರಿಯನ್ನು ತೆಗೆದು, ಕಿಣ್ವ ಹಾಕಿ ಜೀವಕೋಶಗಳನ್ನು ಬಿಡಿಸಿ, ತಟ್ಟೆಯಲ್ಲಿ ಎರಡು ಮೂರು ದಿನ ಬೆಳೆಸುತ್ತಾರೆ. ಮೇಲೆ ಪೆಪ್ಟೈಡ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ದ್ರವದಲ್ಲಿ ಎಷ್ಟು ಹಾರ್ಮೋನು ಬಂದಿದೆ ಎಂದು ಅಳೆಯುತ್ತಾರೆ. ಜಿಎಚ್‌ಆರ್‌ಎಚ್ ಹಾಕಿದರೆ ಜೀವಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂಕೇತ ಸಾಗಿಸುವ ಅಣು ಏರುತ್ತದೆ. ಜಿಎಚ್‌ಆರ್‌ಪಿ ಹಾಕಿದರೆ ಕ್ಯಾಲ್ಸಿಯಂ ಏರುತ್ತದೆ. ಎರಡರಲ್ಲೂ ಹಾರ್ಮೋನು ಹೊರಬರುತ್ತದೆ. ಹಾರ್ಮೋನು ಶಾಸ್ತ್ರದಲ್ಲಿ ಇಷ್ಟು ವಿಧೇಯವಾಗಿ ಫಲ ಕೊಡುವ ಪ್ರಯೋಗಗಳು ಕಡಿಮೆ, ಅದಕ್ಕೇ ಇದರ ಮೇಲೆ ಸಾವಿರಾರು ಪ್ರಬಂಧಗಳಿವೆ. ಮಾರುವವರು ಪುಟಗಟ್ಟಲೆ ತೋರಿಸುವುದು ಇವನ್ನೇ.

ತಟ್ಟೆಯಲ್ಲಿ ಕಂಡದ್ದು ಮನುಷ್ಯನಲ್ಲಿ ಹಾಗೆಯೇ ಇರುವುದಿಲ್ಲ ಎಂಬುದಕ್ಕೆ ಒಂದು ಉದಾಹರಣೆ ನಮ್ಮ ಉಪಖಂಡದ್ದೇ. 1996ರಲ್ಲಿ ಭಾರತೀಯ ಕುಟುಂಬವೊಂದರಲ್ಲಿ, ಮರುವರ್ಷ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಜನರಲ್ಲಿ, ಜಿಎಚ್‌ಆರ್‌ಎಚ್ ಗ್ರಾಹಕದ ಜೀನ್ ಕೆಟ್ಟಿರುವುದು ವರದಿಯಾಯಿತು. ಸಿಂಧ್‌ನ ಆ ಊರುಗಳ ಬಾಧಿತ ಗಂಡಸರ ಎತ್ತರ ಸುಮಾರು 130 ಸೆಂ.ಮೀ.; ಮೈಕಟ್ಟು ಹದವಾಗಿತ್ತು, ಬುದ್ಧಿಗೆ ಯಾವ ಕುಂದೂ ಇರಲಿಲ್ಲ. ಅವರ ಗ್ರೆಲಿನ್ ಗ್ರಾಹಕ ಸರಿಯಾಗಿಯೇ ಇತ್ತು. ತಟ್ಟೆಯ ಲೆಕ್ಕದಲ್ಲಿ ಜಿಎಚ್‌ಆರ್‌ಪಿ ಕೊಟ್ಟರೆ ಅವರಲ್ಲಿ ಹಾರ್ಮೋನು ಏರಬೇಕಿತ್ತು. ಕೊಟ್ಟು ನೋಡಿದಾಗ ಏರಿಕೆ ತೀರ ಅತ್ಯಲ್ಪ. ಬದುಕಿರುವ ದೇಹದಲ್ಲಿ ಈ ಪೆಪ್ಟೈಡ್ ಬಹುಮಟ್ಟಿಗೆ ಹೈಪೊಥಲಾಮಸ್ ಮೂಲಕ, ಜಿಎಚ್‌ಆರ್‌ಎಚ್‌ನ ಕೈ ಹಿಡಿದು ಕೆಲಸ ಮಾಡುತ್ತದೆ ಎಂದು ಗೊತ್ತಾದದ್ದು ಹೀಗೆ.

ಇಲಿಯ ಪ್ರಯೋಗಗಳಿಗೆ ಇನ್ನೊಂದು ಮಿತಿ ಇದೆ, ಅದನ್ನು ಮಾರುವವರು ಎಂದೂ ಹೇಳುವುದಿಲ್ಲ. ಮನುಷ್ಯನ ಉದ್ದ ಮೂಳೆಗಳ ತುದಿಯ ಬೆಳವಣಿಗೆ ಫಲಕಗಳು ಹರೆಯ ಮುಗಿಯುವಾಗ ಬೆಸೆದುಕೊಂಡುಬಿಡುತ್ತವೆ. ಇಲಿಯಲ್ಲಿ ಅವು ಬೆಳೆದ ಮೇಲೂ ಬಹುಕಾಲ ತೆರೆದೇ ಇರುತ್ತವೆ. ಹಾಗಾಗಿ ಐಪಮೊರೆಲಿನ್ ಕೊಟ್ಟ ಹೆಣ್ಣಿಲಿಗಳ ಮೂಳೆ ಉದ್ದವಾಯಿತು ಎಂದು ಓದಿದಾಗ, ಅದು ಇಲಿಯ ಬಗೆಗಿನ ನಿಜ ಎಂದಷ್ಟೇ ತಿಳಿಯಬೇಕು.

ಮನುಷ್ಯರ ಮೇಲಿನ ಪರೀಕ್ಷೆಗಳು ಏನು ಹೇಳುತ್ತವೆ? ಈ ಹುಚ್ಚಿನ ಮೂಲ 1990ರದ್ದು. ಡೇನಿಯಲ್ ರುಡ್‌ಮನ್ ಎಂಬ ಅಮೆರಿಕದ ವೈದ್ಯರು 61ರಿಂದ 81 ವರ್ಷದ 21 ಗಂಡಸರನ್ನು ಆರಿಸಿ, 12 ಮಂದಿಗೆ ಆರು ತಿಂಗಳು ಬೆಳವಣಿಗೆ ಹಾರ್ಮೋನು ಕೊಟ್ಟರು. ಕೊಬ್ಬಲ್ಲದ ತೂಕ ಶೇ 8.8 ಏರಿತು, ಕೊಬ್ಬು ಶೇ 14.4 ಇಳಿಯಿತು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಆ ಲೇಖನವನ್ನು ಯೌವನ ಮಾರುವವರು ಎಷ್ಟು ದುರ್ಬಳಕೆ ಮಾಡಿಕೊಂಡರೆಂದರೆ, 2003ರಲ್ಲಿ ಪತ್ರಿಕೆಯೇ ಅದರ ವಿರುದ್ಧ ಬರೆಯಬೇಕಾಯಿತು. ಆ ಗಂಡಸರು ಹೆಚ್ಚು ಬಲಶಾಲಿಗಳಾದರೇ ಎಂಬ ಪ್ರಶ್ನೆಗೆ ಆ ಅಧ್ಯಯನದಲ್ಲಿ ಉತ್ತರವೇ ಇಲ್ಲ. ಆಮೇಲೆ ಬಂದ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ನೋಡಿದಾಗ, ಆರೋಗ್ಯವಂತ ಹಿರಿಯರಲ್ಲಿ ಕೊಬ್ಬಲ್ಲದ ತೂಕ ಎರಡು ಕೆ.ಜಿ.ಯಷ್ಟು ಏರಿತ್ತು, ಜೊತೆಗೆ ಊತ, ಕೀಲು ನೋವು, ಮಣಿಕಟ್ಟಿನ ನರ ಒತ್ತಿ ಬೆರಳು ಜೋಮು ಹಿಡಿಯುವುದು ಗಣನೀಯವಾಗಿ ಹೆಚ್ಚಿದ್ದವು. ಎರಡು ಕೆ.ಜಿ., ಊತ, ಜೋಮು. ನಿಮ್ಮ ಪತ್ರವನ್ನೇ ಓದಿದಂತೆ ಇಲ್ಲವೇ?

ಅದು ಹಾರ್ಮೋನಿನ ಮಾತಾಯಿತು, ಪೆಪ್ಟೈಡ್ ಬೇರೆ ಎನ್ನಬಹುದು. ಹಾರ್ಮೋನು ಬಿಡಿಸುವ ಔಷಧಗಳಲ್ಲಿ ಆರೋಗ್ಯವಂತ ಹಿರಿಯರಲ್ಲಿ ದೀರ್ಘಕಾಲ ಪರೀಕ್ಷೆಯಾದದ್ದು ಎಂಕೆ-677. ಗ್ರೆಲಿನ್ ಗ್ರಾಹಕದ ಮೇಲೆ ಕೂರುವ ಮಾತ್ರೆ. 60 ದಾಟಿದ 65 ಮಂದಿಯ ಮೇಲೆ ಎರಡು ವರ್ಷ ನಡೆದ ಆ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಹಾರ್ಮೋನಿನ ಮಟ್ಟ ಯುವಕರ ಮಟ್ಟಕ್ಕೆ ಏರಿತು. ವರ್ಷದ ಕೊನೆಗೆ ಕೊಬ್ಬಲ್ಲದ ತೂಕ 1.1 ಕೆ.ಜಿ. ಹೆಚ್ಚಿತು, ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಅರ್ಧ ಕೆ.ಜಿ. ಇಳಿದಿತ್ತು. ಸ್ನಾಯುಬಲ ಹೆಚ್ಚಲಿಲ್ಲ, ದಿನನಿತ್ಯದ ಕೆಲಸದ ಸಾಮರ್ಥ್ಯವೂ ಹೆಚ್ಚಲಿಲ್ಲ. ಖಾಲಿ ಹೊಟ್ಟೆಯ ಸಕ್ಕರೆ ಸರಾಸರಿ 5 ಮಿ.ಗ್ರಾಂ. ಏರಿತು, ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಕುಗ್ಗಿತು, ಹಸಿವು ಹೆಚ್ಚಿತು. ಇದೇ ಔಷಧವನ್ನು ಸೊಂಟದ ಮೂಳೆ ಮುರಿದ ವೃದ್ಧರಿಗೆ ಕೊಟ್ಟ ಇನ್ನೊಂದು ಪರೀಕ್ಷೆಯನ್ನು, ಹೃದಯ ವೈಫಲ್ಯದ ಸೂಚನೆ ಕಂಡದ್ದರಿಂದ ಅರ್ಧಕ್ಕೇ ನಿಲ್ಲಿಸಿದರು.

‘ಕೊಬ್ಬಲ್ಲದ ತೂಕ’ ಎಂದರೆ ಸ್ನಾಯು ಎಂದು ಎಲ್ಲರೂ ಓದಿಕೊಳ್ಳುತ್ತಾರೆ. ಅದರಲ್ಲಿ ನೀರೂ ಸೇರಿದೆ. ಬೆಳವಣಿಗೆ ಹಾರ್ಮೋನು ಮೂತ್ರಪಿಂಡದಲ್ಲಿ ಸೋಡಿಯಂ ಉಳಿಸಿಕೊಳ್ಳುವಂತೆ ಮಾಡುತ್ತದೆ, ಸೋಡಿಯಂ ಹಿಂದೆ ನೀರು ನಿಲ್ಲುತ್ತದೆ. ಆರು ವಾರದಲ್ಲಿ ನಿಮ್ಮ ತೋಳು ತುಂಬಿದ್ದರಲ್ಲಿ, ಉಂಗುರ ಬಿಗಿಯಾದದ್ದರಲ್ಲಿ ಹೆಚ್ಚಿನ ಪಾಲು ಅದೇ ನೀರಿನದು ಎಂಬುದು ನನ್ನ ಅಂದಾಜು. ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಆ ಊತ ನರವನ್ನು ಒತ್ತುವುದರಿಂದಲೇ ಬೆಳಗಿನ ಜೋಮು. ಸಕ್ಕರೆಯ ಕಾರಣವೂ ನೇರವಾದದ್ದು: ಈ ಹಾರ್ಮೋನು ಕೊಬ್ಬನ್ನು ಕರಗಿಸಿ ಕೊಬ್ಬಿನಾಮ್ಲಗಳನ್ನು ರಕ್ತಕ್ಕೆ ಬಿಡುತ್ತದೆ, ಆಗ ಸ್ನಾಯುಗಳು ಇನ್ಸುಲಿನ್ ಮಾತು ಕೇಳುವುದನ್ನು ಕಡಿಮೆ ಮಾಡುತ್ತವೆ. ಗ್ರೆಲಿನ್ ದಾರಿಯ ಪೆಪ್ಟೈಡ್ ಮೇದೋಜೀರಕದಿಂದ ಇನ್ಸುಲಿನ್ ಬಿಡುವುದನ್ನೂ ತಗ್ಗಿಸಬಹುದು. ತಂದೆಗೆ ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಆಟವಾಡುವ ಜಾಗ ಅಲ್ಲ. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ನನ್ನ ಸಹೋದ್ಯೋಗಿಗಳು ನೋಡುತ್ತಿರುವ ಇಂಥ ಪ್ರಕರಣಗಳಲ್ಲೂ ರೋಗಿಯನ್ನು ವೈದ್ಯರ ಬಳಿ ತರುವುದು ಸಾಮಾನ್ಯವಾಗಿ ಸಕ್ಕರೆಯ ವರದಿಯೇ.

ಇನ್ನು ನಿಮ್ಮ ಎರಡು ಪೆಪ್ಟೈಡ್‌ಗಳ ಜಾತಕ. ಐಪಮೊರೆಲಿನ್ ಅನ್ನು ಡೆನ್ಮಾರ್ಕಿನ ನೊವೊ ನಾರ್ಡಿಸ್ಕ್ ಕಂಪನಿ 1998ರಲ್ಲಿ ಪರಿಚಯಿಸಿತು. ಹಳೆಯ ಜಿಎಚ್‌ಆರ್‌ಪಿಗಳು ಕಾರ್ಟಿಸಾಲ್ ಮುಂತಾದ ಬೇರೆ ಹಾರ್ಮೋನುಗಳನ್ನೂ ಏರಿಸುತ್ತಿದ್ದವು. ಇದು ಹಂದಿಗಳಲ್ಲಿ ಹಾಗೆ ಮಾಡಲಿಲ್ಲ. ವಿಜ್ಞಾನವಾಗಿ ಅದು ಸೊಗಸಾದ ಕೆಲಸ, ಅದರಲ್ಲಿ ಅನುಮಾನವಿಲ್ಲ. ಕರುಳಿನ ಶಸ್ತ್ರಚಿಕಿತ್ಸೆಯ ನಂತರ ಕರುಳು ಬೇಗ ಚಲಿಸಲು ನೆರವಾಗುತ್ತದೆಯೇ ಎಂದು ಮುಂದೆ ರೋಗಿಗಳಲ್ಲಿ ಪರೀಕ್ಷಿಸಿದಾಗ ಹುಸಿಮದ್ದಿಗಿಂತ ಮೇಲೆಂದು ತೋರಲಿಲ್ಲ. ಸಿಜೆಸಿ-1295 ಕೆನಡಾದ ಮಾಂಟ್ರಿಯಲ್‌ನ ಕಂಪನಿಯೊಂದರ ಸೃಷ್ಟಿ. ದೇಹದ ಜಿಎಚ್‌ಆರ್‌ಎಚ್ ನಿಮಿಷಗಳಲ್ಲಿ ಒಡೆದುಹೋಗುತ್ತದೆ. ಒಡೆಯದಂತೆ ನಾಲ್ಕು ಕಡೆ ಬದಲಾಯಿಸಿ, ರಕ್ತದ ಆಲ್ಬುಮಿನ್‌ಗೆ ಅಂಟಿಕೊಳ್ಳುವ ಡಿಎಸಿ ಎಂಬ ಬಾಲವನ್ನು ಜೋಡಿಸಿದರು. ಹಾಗಾಗಿ ಅದರ ಅರ್ಧಾಯುಷ್ಯ ಆರರಿಂದ ಎಂಟು ದಿನಕ್ಕೆ ಏರಿತು. ಬೆಳವಣಿಗೆ ಹಾರ್ಮೋನಿನ ಪ್ರಚೋದನೆಯಿಂದ ಯಕೃತ್ತು ತಯಾರಿಸುವ ಐಜಿಎಫ್-1 ಎಂಬ ಹಾರ್ಮೋನು ಒಂದೇ ಚುಚ್ಚುಮದ್ದಿಗೆ ಒಂಬತ್ತರಿಂದ ಹನ್ನೊಂದು ದಿನ ಏರಿದ್ದೇ ಇತ್ತು. 2006ರಲ್ಲಿ ಎರಡನೆಯ ಹಂತದ ಪರೀಕ್ಷೆಯ ವೇಳೆ ಭಾಗವಹಿಸಿದವರೊಬ್ಬರು ತೀರಿಕೊಂಡಾಗ ಪರೀಕ್ಷೆ ನಿಂತಿತು. ಸಾವಿಗೆ ಔಷಧ ಕಾರಣವಲ್ಲ ಎಂದು ನೋಡಿಕೊಳ್ಳುತ್ತಿದ್ದ ವೈದ್ಯರು ಅಭಿಪ್ರಾಯಪಟ್ಟರು, ಅದನ್ನೂ ಹೇಳಬೇಕು. ಆದರೆ ಔಷಧ ಮುಂದೆ ಹೋಗಲಿಲ್ಲ. ಅಂದರೆ ಎರಡೂ ಔಷಧವಾಗಲು ಹೊರಟು ದಾರಿಯಲ್ಲಿ ಉಳಿದವು. ಅವುಗಳ ಜೋಡಿಯನ್ನು ತಿಂಗಳುಗಟ್ಟಲೆ ಬಳಸಿದರೆ ಏನಾಗುತ್ತದೆ ಎಂದು ಯಾವ ಕಂಪನಿಯೂ ಪರೀಕ್ಷೆ ಮುಗಿಸಿ ತೋರಿಸಿಲ್ಲ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇವೆರಡನ್ನೂ, ಔಷಧದಂಗಡಿಗಳು ಕಲಸಿ ಕೊಡುವಾಗ ಗಣನೀಯ ಅಪಾಯ ತರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತು.

ಹಾಗೆಂದು ಈ ಕುಲದ ಎಲ್ಲವೂ ಕೆಲಸಕ್ಕೆ ಬಾರದವಲ್ಲ. ಎಚ್‌ಐವಿ ಔಷಧ ತೆಗೆದುಕೊಳ್ಳುವವರ ಹೊಟ್ಟೆಯೊಳಗಿನ ಕೊಬ್ಬು ಇಳಿಸಲು ಟೆಸಮೊರೆಲಿನ್‌ಗೆ ಅಮೆರಿಕದಲ್ಲಿ 2010ರಲ್ಲಿ ಅನುಮತಿ ಸಿಕ್ಕಿತು. ಅದು ಕೆಲಸ ಮಾಡುತ್ತದೆ, ನಿಲ್ಲಿಸಿದರೆ ಕೊಬ್ಬು ಮರಳುತ್ತದೆ. ಮಾಸಿಮೊರೆಲಿನ್ ಎಂಬ ಕುಡಿಯುವ ಔಷಧ, ವಯಸ್ಕರಲ್ಲಿ ಪಿಟ್ಯುಟರಿ ಹಾರ್ಮೋನು ಬಿಡುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಲು 2017ರಲ್ಲಿ ಅಲ್ಲಿ ಅನುಮತಿ ಪಡೆಯಿತು. ಕ್ಯಾನ್ಸರ್‌ನಿಂದ ಸೊರಗುತ್ತಿರುವವರಿಗೆ ಜಪಾನ್ 2021ರಲ್ಲಿ ಅನಮೊರೆಲಿನ್ ಒಪ್ಪಿಕೊಂಡಿತು. ಹಸಿವು ಕಳೆದುಕೊಂಡ ನಾಯಿಗಳಿಗೂ ಒಂದು ಔಷಧ ಇದೆ, ಕ್ಯಾಪ್ರೊಮೊರೆಲಿನ್. ಇವುಗಳಲ್ಲಿ ಯಾವುದಕ್ಕೂ ಆರೋಗ್ಯವಂತರ ತೋಳು ತುಂಬಿಸಲು ಅನುಮತಿ ಸಿಕ್ಕಿಲ್ಲ.

ಸೀಸೆಯ ಪ್ರಮಾಣಪತ್ರದ ಬಗ್ಗೆ ನಿಮಗೆ ಇರುವ ನಂಬಿಕೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತಂದಿತು. ಎಚ್‌ಪಿಎಲ್‌ಸಿ ಯಂತ್ರದಲ್ಲಿ ತೆಗೆದ ‘ಶೇ 99 ಶುದ್ಧತೆ’ ಎಂದರೆ, ಯಂತ್ರದ ಕಣ್ಣಿಗೆ ಬಿದ್ದ ಪೆಪ್ಟೈಡ್ ಭಾಗದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಒಂದೇ ಬಗೆಯದು ಎಂದಷ್ಟೇ ಅರ್ಥ. ಸೀಸೆಯ ಪುಡಿಯಲ್ಲಿ ಪೆಪ್ಟೈಡ್ ಎಷ್ಟು, ಉಪ್ಪು ಮತ್ತು ನೀರು ಎಷ್ಟು ಎಂದು ಅದು ಹೇಳುವುದಿಲ್ಲ. ಬ್ಯಾಕ್ಟೀರಿಯಾ ಸತ್ತ ಮೇಲೂ ಉಳಿದು ಜ್ವರ ತರಿಸುವ ಎಂಡೊಟಾಕ್ಸಿನ್ ಇದೆಯೇ ಎಂದು ಹೇಳುವುದಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಕ್ರಿಮಿರಹಿತವೇ ಎಂಬುದಂತೂ ಅದರ ವ್ಯಾಪ್ತಿಗೇ ಬರುವುದಿಲ್ಲ. ತಟ್ಟೆಯಲ್ಲಿನ ಜೀವಕೋಶಗಳಿಗೆ ಹಾಕಲು ನಮಗೆ ಅಷ್ಟು ಸಾಕಾಗುತ್ತಿತ್ತು. ಪ್ರಯೋಗ ಕೆಟ್ಟರೆ ತಟ್ಟೆಯನ್ನು ಎಸೆಯುತ್ತಿದ್ದೆವು. ಹೊಟ್ಟೆಯ ಚರ್ಮದ ಕೆಳಗೆ ಹೋಗುವ ವಸ್ತುವಿಗೆ ಬೇಕಾದ ನಿಯಮಗಳೇ ಬೇರೆ. ಪೆಪ್ಟೈಡ್ ಗಂಟುಗಟ್ಟಿದ್ದರೆ, ಸರಪಳಿಯಲ್ಲಿ ಒಂದೆರಡು ಅಮೈನೊ ಆಮ್ಲ ಬಿಟ್ಟುಹೋಗಿದ್ದರೆ ದೇಹ ಅದರ ವಿರುದ್ಧ ಪ್ರತಿಕಾಯ ಬೆಳೆಸಬಹುದು. ಎಲ್ಲ ನಿಯಮ ಪಾಲಿಸಿ ತಯಾರಿಸಿದ ಟೆಸಮೊರೆಲಿನ್‌ನಲ್ಲೇ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಪ್ರತಿಕಾಯಗಳು ಕಂಡಿದ್ದವು.

‘ಸಂಶೋಧನೆಗೆ ಮಾತ್ರ’ ಎಂಬ ಬರಹ ನಿಮ್ಮ ರಕ್ಷಣೆಗೆ ಇರುವುದಲ್ಲ, ಮಾರಿದವರ ರಕ್ಷಣೆಗೆ. ನಮ್ಮಲ್ಲಿ ಮನುಷ್ಯರ ಬಳಕೆಗೆ ಔಷಧ ತಯಾರಿಸಲು, ಮಾರಲು 1940ರ ಔಷಧ ಕಾಯ್ದೆಯಂತೆ ಪರವಾನಗಿ ಬೇಕು. ಆ ಸಾಲು ಬರೆದುಬಿಟ್ಟರೆ ಅದು ಔಷಧವಲ್ಲ, ರಾಸಾಯನಿಕ ಎಂದು ವಾದಿಸಬಹುದು. ನಾಳೆ ಸೋಂಕಾದರೆ ನೀವು ಯಾರ ಮೇಲೂ ದೂರು ಹಾಕಲಾರಿರಿ. ಸ್ಪರ್ಧೆಯ ವಿಷಯಕ್ಕೆ ಒಂದೇ ಮಾತು: ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿ ಇವೆರಡರ ಹೆಸರೂ ಇವೆ, ಸ್ಪರ್ಧೆಯ ದಿನ ಮಾತ್ರವಲ್ಲ, ವರ್ಷವಿಡೀ ನಿಷೇಧ. ಮೂತ್ರದಲ್ಲಿ ಪತ್ತೆಹಚ್ಚುತ್ತಾರೆ. ಹಿರಿಯರ ವಿಭಾಗಕ್ಕೆ ರಿಯಾಯಿತಿ ಇಲ್ಲ.

ಕ್ಯಾನ್ಸರ್ ಬರುತ್ತದೆಯೇ ಎಂದು ನೀವು ಕೇಳಿಲ್ಲ, ಆದರೆ ಮುಂದೆ ಯಾರಾದರೂ ಹೆದರಿಸುತ್ತಾರೆ, ಅದಕ್ಕೆ ಹೇಳುತ್ತೇನೆ. ಬೆಳವಣಿಗೆ ಹಾರ್ಮೋನು ಯಕೃತ್ತಿನಲ್ಲಿ ಐಜಿಎಫ್-1 ತಯಾರಿಸುತ್ತದೆ. ಅದರ ಮಟ್ಟ ಮೇಲ್ತುದಿಯಲ್ಲಿ ಇರುವವರಲ್ಲಿ ಪ್ರಾಸ್ಟೇಟ್, ಸ್ತನ, ದೊಡ್ಡ ಕರುಳಿನ ಕ್ಯಾನ್ಸರ್ ತುಸು ಹೆಚ್ಚು ಕಾಣುತ್ತದೆ. ಈ ಹಾರ್ಮೋನಿಗೆ ಸ್ಪಂದಿಸದೆ ಗಿಡ್ಡಗೆ ಉಳಿಯುವ ಲಾರಾನ್ ಕಾಯಿಲೆಯವರಲ್ಲಿ ಕ್ಯಾನ್ಸರ್ ಅಪರೂಪ. ಆರು ವಾರದ ಬಳಕೆಯಿಂದ ನಿಮಗೆ ಕ್ಯಾನ್ಸರ್ ಬರುತ್ತದೆ ಎಂದು ಇದರರ್ಥವಲ್ಲ. ವರ್ಷಗಟ್ಟಲೆ ಇದನ್ನು ಏರಿಸಿಟ್ಟುಕೊಳ್ಳುವುದು ಜಾಣತನವಲ್ಲ ಎಂಬುದಷ್ಟೇ ಇದರಿಂದ ಹೊರಡುವ ಮಾತು.

ಈಗ ಮಗನ ವಿಷಯ. ತಂದೆ ತಾಯಿಯ ಎತ್ತರ ಕೂಡಿಸಿ, ಗಂಡುಮಗುವಾದರೆ 13 ಸೇರಿಸಿ, ಎರಡರಿಂದ ಭಾಗಿಸಿದರೆ ಅವನು ಸುಮಾರಾಗಿ ತಲುಪಬೇಕಾದ ಎತ್ತರ ಬರುತ್ತದೆ. ನಿಮ್ಮ ಮನೆಯ ಲೆಕ್ಕದಲ್ಲಿ ಅದು 166.5 ಸೆಂ.ಮೀ. ಈ ಅಂದಾಜು ಆಚೀಚೆ ಎಂಟು ಸೆಂ.ಮೀ.ವರೆಗೆ ತಪ್ಪಬಹುದು. ಅಂದರೆ 163 ಇರುವ ಹುಡುಗ ಗಿಡ್ಡನಲ್ಲ. ಮನೆತನಕ್ಕೆ ತಕ್ಕಂತೆಯೇ ಇದ್ದಾನೆ. ಇನ್ನೂ ಬೆಳೆಯುತ್ತಾನೆಯೇ ಎಂದು ತಿಳಿಯಲು ಎಡಗೈ ಮತ್ತು ಮಣಿಕಟ್ಟಿನ ಒಂದು ಎಕ್ಸ್‌ರೇ ಸಾಕು. ಫಲಕಗಳು ಬೆಸೆದಿದ್ದರೆ ಯಾವ ಹಾರ್ಮೋನೂ, ಯಾವ ಪೆಪ್ಟೈಡೂ ಅರ್ಧ ಸೆಂ.ಮೀ. ಎತ್ತರ ಕೊಡಲಾರವು, ದವಡೆ, ಪಾದ ದಪ್ಪವಾಗಬಹುದು ಅಷ್ಟೆ. ತೆರೆದಿದ್ದರೆ ಮತ್ತು ಕಳೆದ ಎರಡು ವರ್ಷದಲ್ಲಿ ಬೆಳವಣಿಗೆ ನಿಂತುಹೋದಂತಿದ್ದರೆ ಮಕ್ಕಳ ಹಾರ್ಮೋನು ತಜ್ಞರ ಬಳಿ ಕರೆದೊಯ್ಯಿರಿ. ಅವರು ಥೈರಾಯ್ಡ್, ಸೀಲಿಯಾಕ್ ಕಾಯಿಲೆ, ರಕ್ತಹೀನತೆ ಎಲ್ಲ ನೋಡಿ, ಅಗತ್ಯವಿದ್ದರೆ ಕ್ಲೊನಿಡಿನ್ ಅಥವಾ ಗ್ಲುಕಗಾನ್ ಕೊಟ್ಟು ಹಾರ್ಮೋನು ಏರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ನಿಜವಾದ ಕೊರತೆ ಇರುವ ಮಕ್ಕಳಿಗೆ ಹಾರ್ಮೋನು ಚಿಕಿತ್ಸೆ ಉತ್ತಮ ಫಲ ಕೊಡುತ್ತದೆ, ಆದರೆ ಅದು ಚಿಕ್ಕ ವಯಸ್ಸಿನಲ್ಲೇ ಶುರುವಾಗಬೇಕು. ಅವನಿಗೆ ‘ಬೇಡ’ ಎಂದು ಗದರಿಸುವ ಬದಲು ಎಕ್ಸ್‌ರೇಯನ್ನು ಅವನಿಗೇ ತೋರಿಸಿ ವಿವರಿಸಲು ವೈದ್ಯರನ್ನು ಕೇಳಿ. ಹದಿನೇಳರ ಹುಡುಗರು ನಮ್ಮ ಮಾತಿಗಿಂತ ತಮ್ಮ ಮೂಳೆಯ ಚಿತ್ರವನ್ನು ಹೆಚ್ಚು ನಂಬುತ್ತಾರೆ.

ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಹಿಡಿಯಬೇಕೆನ್ನುವುದು ಸರಳವಾದದ್ದು. ನಿಲ್ಲಿಸಿ, ಈ ವಾರ ಎಚ್‌ಬಿಎ1ಸಿ, ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಐಜಿಎಫ್-1 ಪರೀಕ್ಷೆ ಮಾಡಿಸಿ, ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಿ. ಜೋಮು ಮತ್ತು ಊತ ವಾರಗಳಲ್ಲಿ ಇಳಿಯಬೇಕು. ಸಕ್ಕರೆ ಇಳಿಯದಿದ್ದರೆ ಅದು ಪೆಪ್ಟೈಡ್ ತಂದದ್ದಲ್ಲ, ಮೊದಲೇ ಹೊಸ್ತಿಲಲ್ಲಿ ನಿಂತಿದ್ದು ಒಳಗೆ ಬಂದಿದೆ ಎಂದು ತಿಳಿದು ಚಿಕಿತ್ಸೆ ಶುರುಮಾಡಬೇಕಾಗುತ್ತದೆ; 102 ಕೂಡ ಸಹಜದ ಗಡಿ ದಾಟಿದ ಸಂಖ್ಯೆಯೇ. ಚುಚ್ಚಿದ ಜಾಗ ಕೆಂಪಾಗಿ ಜ್ವರ ಬಂದರೆ, ಏದುಸಿರು ಬಂದರೆ, ತಲೆನೋವಿನ ಜೊತೆ ದೃಷ್ಟಿ ಮಸುಕಾದರೆ ಪರೀಕ್ಷೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ನಿಮಗೆ ನಿಜವಾಗಿಯೂ ಬೆಳವಣಿಗೆ ಹಾರ್ಮೋನು ಕೊರತೆ ಇದೆಯೇ ಎಂಬ ಸಂಶಯ, ತಲೆಗೆ ದೊಡ್ಡ ಪೆಟ್ಟು ಬಿದ್ದಿದ್ದರೆ, ಪಿಟ್ಯುಟರಿ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆ ಆಗಿದ್ದರೆ ಮಾತ್ರ ಪರಿಶೀಲಿಸಬೇಕಾದದ್ದು. ಆಗ ಇನ್ಸುಲಿನ್ ಅಥವಾ ಗ್ಲುಕಗಾನ್ ಪರೀಕ್ಷೆ ಮಾಡುತ್ತೇವೆ. ಕೊರತೆ ಖಚಿತವಾದರೆ ಹಾರ್ಮೋನನ್ನೇ ಅಳೆದು ಕೊಡುತ್ತೇವೆ. ವಯಸ್ಸಿಗೆ ತಕ್ಕಂತೆ ಇಳಿದಿರುವುದು ಕೊರತೆಯಲ್ಲ. ಅದಕ್ಕಿಂತ ಹೆಚ್ಚು ಮಂದಿಯಲ್ಲಿ ನಾನು ಕಾಣುವ ಕಾರಣ ಬೇರೆ: ಹೊಟ್ಟೆಯ ಬೊಜ್ಜು ಹಾರ್ಮೋನಿನ ಅಲೆಗಳನ್ನು ಕುಗ್ಗಿಸುತ್ತದೆ, ತೂಕ ಇಳಿದಾಗ ಅವು ಮರಳುತ್ತವೆ. ಗೊರಕೆ ಹೊಡೆದು ಉಸಿರುಗಟ್ಟಿ ಏಳುವವರ ಗಾಢ ನಿದ್ದೆಯೇ ಕೆಟ್ಟಿರುತ್ತದೆ. ನಿಮ್ಮ ಪತ್ನಿಯನ್ನು ನಿಮ್ಮ ಗೊರಕೆಯ ಬಗ್ಗೆ ಒಮ್ಮೆ ಕೇಳಿ. ಹೌದೆಂದರೆ ನಿದ್ರೆಯ ಪರೀಕ್ಷೆಗೆ ಹಣ ಹಾಕುವುದು ಇನ್ನೊಂದು ಸೀಸೆಗೆ ಹಾಕುವುದಕ್ಕಿಂತ ಲಾಭದ್ದು.

ಉಳಿದ ಸೀಸೆಗಳನ್ನು ಜಿಮ್‌ನ ಗೆಳೆಯರಿಗೆ ಕೊಡಬೇಡಿ, ಸೂಜಿಗಳನ್ನು ಮನೆಯ ಕಸಕ್ಕೆ ಹಾಕಬೇಡಿ. ಹತ್ತಿರದ ಆಸ್ಪತ್ರೆ ಅಥವಾ ಪ್ರಯೋಗಾಲಯದಲ್ಲಿ ಅವನ್ನು ಹಾಕುವ ಡಬ್ಬ ಇರುತ್ತದೆ. ವೈದ್ಯರ ಬಳಿ ಹೋಗುವಾಗ ಸಿಜೆಸಿ-1295 ಸೀಸೆಯನ್ನು ಜೊತೆಗೆ ಒಯ್ಯಿರಿ, ಅಥವಾ ಲೇಬಲ್‌ನ ಫೋಟೊ ತೆಗೆದುಕೊಳ್ಳಿ. ಅದೇ ಹೆಸರಿನಲ್ಲಿ ಡಿಎಸಿ ಬಾಲ ಇರುವುದನ್ನೂ ಇಲ್ಲದ್ದನ್ನೂ ಮಾರುತ್ತಾರೆ. ಇಲ್ಲದ್ದಾದರೆ ಒಂದೆರಡು ದಿನದಲ್ಲಿ ದೇಹದಿಂದ ಹೋಗಿರುತ್ತದೆ. ಇರುವುದಾದರೆ ಕೊನೆಯ ಚುಚ್ಚುಮದ್ದಿನ ಪರಿಣಾಮ ಕರಗಲು ನಾಲ್ಕೈದು ವಾರ ಹಿಡಿಯಬಹುದು. ಈ ವಾರ ಬರುವ ಐಜಿಎಫ್-1 ವರದಿಯನ್ನು ಹೇಗೆ ಓದಬೇಕೆಂದು ನಿರ್ಧರಿಸಲು ನಿಮ್ಮ ವೈದ್ಯರಿಗೆ ಮೊದಲು ಬೇಕಾಗುವ ಮಾಹಿತಿ ಅದೇ.